ಪಾಚಿಯೂ ಅಡಿಕೆ ಮರವೂ

ವಿಜ್ಞಾನದ ಪ್ರಶ್ನೆಪತ್ರಿಕೆಗಳಲ್ಲಿ ‘ವ್ಯತ್ಯಾಸ ಬರೆಯಿರಿ’ ಎಂಬ ಒಂದು ಬಗೆಯ ಪ್ರಶ್ನೆ ತಪ್ಪದೆ ಇರುತ್ತದೆ. ಉತ್ತರಪತ್ರಿಕೆಯ ನಡುವೆ ಉದ್ದಕ್ಕೆ ಒಂದು ಗೆರೆ ಎಳೆಯಬೇಕು; ಆ ಕಡೆ ನಾಲ್ಕು ಅಂಶ, ಈ ಕಡೆ ನಾಲ್ಕು ಅಂಶ ಬರೆಯಬೇಕು; ನಾಲ್ಕು ಅಂಕ ಪಡೆಯಬೇಕು. ನಾಳೀಯ ಸಸ್ಯಗಳಿಗೂ ಅನಾಳೀಯ ಸಸ್ಯಗಳಿಗೂ ಇರುವ ವ್ಯತ್ಯಾಸವನ್ನು ನಿಮ್ಮಲ್ಲಿ ಅನೇಕರು ಹೀಗೆಯೇ ಬರೆದಿದ್ದೀರಿ, ನಾನು ತಿದ್ದಿದ್ದೇನೆ. ‘ಮೊದಲನೆಯದರಲ್ಲಿ ವಾಹಕ ಅಂಗಾಂಶ ಇದೆ, ಎರಡನೆಯದರಲ್ಲಿ ಇಲ್ಲ, ಮೊದಲನೆಯದಕ್ಕೆ ನಿಜವಾದ ಬೇರು, ಕಾಂಡ, ಎಲೆಗಳಿವೆ, ಎರಡನೆಯದಕ್ಕೆ ಇಲ್ಲ, ಮೊದಲನೆಯದು ಎತ್ತರವಾಗಿ ಬೆಳೆಯುತ್ತದೆ, ಎರಡನೆಯದು ಬೆಳೆಯುವುದಿಲ್ಲ.’ ಈ ಉತ್ತರಕ್ಕೆ ಅಂಕ ಕಡಿಮೆ ಮಾಡಲು ಕಾರಣವಿಲ್ಲ. ಆದರೂ ಇದನ್ನು ಓದುವಾಗಲೆಲ್ಲ ಒಂದು ವಿಷಯ ನನ್ನನ್ನು ಕಾಡುತ್ತಿತ್ತು. ಗೆರೆಯ ಒಂದು ಬದಿಯ ತುಂಬ ‘ಇದೆ, ಇದೆ’. ಇನ್ನೊಂದು ಬದಿಯ ತುಂಬ ‘ಇಲ್ಲ, ಇಲ್ಲ’. ಒಂದು ಜೀವಕುಲವು 40 ಕೋಟಿ ವರ್ಷಗಳಿಗೂ ಹೆಚ್ಚು ಕಾಲ ಬರೀ ‘ಇಲ್ಲ’ಗಳನ್ನು ಕಟ್ಟಿಕೊಂಡು ಬದುಕಿ ಬಂದಿರಲು ಸಾಧ್ಯವೇ? ನಿವೃತ್ತಿಯ ಬಿಡುವಿನಲ್ಲಿ ಆ ಪ್ರಶ್ನೆಯನ್ನು ಇನ್ನೊಮ್ಮೆ ಬಿಡಿಸಿ ನೋಡೋಣವೆಂದು ಕುಳಿತಿದ್ದೇನೆ.

ಮೊದಲು ಹೆಸರಿನ ಗೊಂದಲವನ್ನು ನಿವಾರಿಸಿಕೊಳ್ಳೋಣ. ನಮ್ಮ ಆಡುಮಾತಿನಲ್ಲಿ ಕೆರೆಯ ನೀರಿನ ಮೇಲೆ ತೇಲುವ ಹಸಿರು ಲೋಳೆಯೂ ಪಾಚಿ, ಬಾವಿಕಟ್ಟೆಯಲ್ಲಿ ಕಾಲು ಜಾರಿಸುವುದೂ ಪಾಚಿ, ಮಳೆಗಾಲದಲ್ಲಿ ಹಂಚಿನ ಮೇಲೆ, ಪಾಗಾರದ ಮೇಲೆ ಮಖಮಲ್ಲಿನಂತೆ ಹಬ್ಬುವುದೂ ಪಾಚಿ. ಸಸ್ಯಶಾಸ್ತ್ರದ ಪ್ರಕಾರ ಕೆರೆಯದು ಶೈವಲ. ಪಾಗಾರದ ಮೇಲಿನ, ಪುಟ್ಟ ಪುಟ್ಟ ಎಲೆಗಳುಳ್ಳ ಮಖಮಲ್ಲು ಮಾಸ್. ಮಸಾಲೆಗೆ ಹಾಕುವ ಕಲ್ಲುಹೂವು ಇವೆರಡೂ ಅಲ್ಲ. ಅದು ಶಿಲೀಂಧ್ರವೂ ಶೈವಲವೂ ಕೂಡಿ ನಡೆಸುವ ಸಂಸಾರ. ಈ ಬರಹದಲ್ಲಿ ನಾನು ಪಾಚಿ ಎನ್ನುವುದು ಪಾಗಾರದ ಮೇಲಿನ ಮಾಸನ್ನು. ಅದೂ ಅದರ ಬಂಧುಗಳಾದ ಲಿವರ್‌ವರ್ಟ್, ಹಾರ್ನ್‌ವರ್ಟ್‌ಗಳೂ ಸೇರಿ ಬ್ರಯೋಫೈಟಾ ಎನಿಸುತ್ತವೆ. ಜಗತ್ತಿನಲ್ಲಿ ಇವುಗಳ ಸುಮಾರು 20,000 ಪ್ರಭೇದಗಳಿವೆ. ನೆಲದ ಮೇಲಿನ ಉಳಿದ ಸಸ್ಯಗಳೆಲ್ಲ, ಜರೀಗಿಡದಿಂದ ಹಿಡಿದು ಆಲದ ಮರದವರೆಗೆ, ಮೂರು ಲಕ್ಷಕ್ಕೂ ಹೆಚ್ಚು ಪ್ರಭೇದಗಳು, ನಾಳೀಯ ಸಸ್ಯಗಳು.

ನಾಳವೆಂದರೇನು ಎಂಬುದನ್ನು ತೋರಿಸಲು ನಮ್ಮ ತರಗತಿಗೆ ಸೂಕ್ಷ್ಮದರ್ಶಕಕ್ಕಿಂತ ಮೊದಲು ಕರ್ಣಕುಂಡಲದ ಗಿಡ ಬರುತ್ತಿತ್ತು. ಅದರ ಕಾಂಡ ಬೆಳಕಿಗೆ ಹಿಡಿದರೆ ಒಳಗಿನದು ತುಸು ಕಾಣುವಷ್ಟು ತಿಳಿ. ಅದನ್ನು ಕೆಂಪು ಶಾಯಿ ಬೆರೆಸಿದ ನೀರಿನ ಲೋಟದಲ್ಲಿ ನಿಲ್ಲಿಸಿದರೆ ಕೆಲಹೊತ್ತಿನಲ್ಲಿ ಕಾಂಡದೊಳಗೆ ಕೆಂಪು ಗೆರೆಗಳು ಮೇಲೇರುತ್ತಿದ್ದವು. ಅಡ್ಡಲಾಗಿ ಕತ್ತರಿಸಿದರೆ ಬಳೆಯಾಕಾರದಲ್ಲಿ ಕೆಂಪು ಚುಕ್ಕೆಗಳು. ಕಾಂಡವೆಲ್ಲ ಕೆಂಪಾಗಿಲ್ಲ, ಚುಕ್ಕೆಗಳಷ್ಟೇ ಕೆಂಪಾಗಿವೆ ಎಂಬುದನ್ನು ಮಕ್ಕಳು ತಾವಾಗಿಯೇ ಗಮನಿಸಿ ಹೇಳುವವರೆಗೆ ನಾನು ಸುಮ್ಮನಿರುತ್ತಿದ್ದೆ. ನೀರು ಕಾಂಡದಲ್ಲಿ ಬತ್ತಿಯಲ್ಲಿ ಎಣ್ಣೆ ಹರಡುವಂತೆ ಹರಡುವುದಿಲ್ಲ. ತನಗೆಂದೇ ಇರುವ ಓಣಿಗಳಲ್ಲಿ ಹೋಗುತ್ತದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ.

ಆ ಓಣಿಗಳಲ್ಲಿ ಎರಡು ಬಗೆ. ಬೇರಿನಿಂದ ನೀರನ್ನೂ ಲವಣಗಳನ್ನೂ ಮೇಲಕ್ಕೆ ಒಯ್ಯುವುದು ಕ್ಸೈಲಂ. ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಬೇರಿಗೆ, ಕಾಯಿಗೆ, ಚಿಗುರಿಗೆ, ಎಲ್ಲಿ ಬೇಕೋ ಅಲ್ಲಿಗೆ ಮುಟ್ಟಿಸುವುದು ಫ್ಲೋಯಂ. ಫ್ಲೋಯಂನ ಕೋಶಗಳು ಬದುಕಿದ್ದು ಕೆಲಸ ಮಾಡುತ್ತವೆ. ಕ್ಸೈಲಂನಲ್ಲಿ ನೀರು ಒಯ್ಯುವ ಕೋಶಗಳು ಸತ್ತ ಮೇಲೆಯೇ ಕೆಲಸಕ್ಕೆ ಬರುತ್ತವೆ: ಗೋಡೆಯನ್ನು ಲಿಗ್ನಿನ್ ಎಂಬ ವಸ್ತುವಿನಿಂದ ಗಟ್ಟಿಮಾಡಿಕೊಂಡು, ಒಳಗಿನದೆಲ್ಲವನ್ನೂ ಕರಗಿಸಿಕೊಂಡು, ಬರಿಯ ಕೊಳವೆಯಾಗಿ ಉಳಿಯುತ್ತವೆ. ಅಶ್ವತ್ಥದ ಎಲೆಯನ್ನು ಕೆಲವು ವಾರ ನೀರಿನಲ್ಲಿ ಕೊಳೆಯಿಸಿ, ಹಸಿರನ್ನು ತೊಳೆದು, ಉಳಿದ ಜಾಲರಿಯನ್ನು ಪುಸ್ತಕದೊಳಗೆ ಇಟ್ಟುಕೊಳ್ಳುತ್ತಿದ್ದಿರಲ್ಲ, ಆ ಜಾಲರಿಯೇ ಎಲೆಯ ವಾಹಕ ಅಂಗಾಂಶ. ಕಮಲದ ದಂಟನ್ನು ಮುರಿದು ಎರಡು ತುಂಡುಗಳನ್ನು ಮೆಲ್ಲಗೆ ದೂರ ಸರಿಸಿದಾಗ ನಡುವೆ ಬೆಳ್ಳನೆಯ ನವಿರಾದ ಎಳೆಗಳು ಕಾಣುತ್ತವೆ. ನಮ್ಮ ಹಿಂದಿನ ಕವಿಗಳು ಬಿಸತಂತು ಎಂದು ಕರೆದು ಸುಕುಮಾರತೆಗೆ ಹೋಲಿಕೆಯಾಗಿಸಿಕೊಂಡದ್ದು ಇದನ್ನೇ. ಅವು ನೀರಿನ ಕೊಳವೆಗಳ ಒಳಗೋಡೆಗೆ ಸ್ಪ್ರಿಂಗಿನಂತೆ ಸುತ್ತಿಕೊಂಡಿದ್ದ ಬಲಪಟ್ಟಿಗಳು, ಎಳೆದಾಗ ಬಿಚ್ಚಿಕೊಂಡು ಬರುತ್ತವೆ.

ಇನ್ನು ಗೆರೆಯ ಆ ಬದಿಗೆ ಹೋಗುವ ಮೊದಲು ಒಂದು ತರಗತಿಯ ಸಂಗತಿಯನ್ನು ಹೇಳಬೇಕು. ಹಳೆಯ ಪಾಠಗಳಲ್ಲಿ ಪಾಚಿ, ಜರೀಗಿಡಗಳನ್ನು ‘ಕೆಳವರ್ಗದ ಸಸ್ಯಗಳು’ ಎಂದೂ, ಹೂಬಿಡುವ ಗಿಡಮರಗಳನ್ನು ‘ಮೇಲ್ವರ್ಗದ ಸಸ್ಯಗಳು’ ಎಂದೂ ಕರೆಯುವ ರೂಢಿಯಿತ್ತು. 1987ರ ಮಳೆಗಾಲ. ಈ ಪಾಠ ನಡೆಯುತ್ತಿದ್ದಾಗ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ, ಮಾತೇ ಆಡದ ಹುಡುಗನೊಬ್ಬ ಎದ್ದು ನಿಂತ. ಹಳ್ಳ ದಾಟಿ ಬರುತ್ತಿದ್ದ ಅವನ ಚಡ್ಡಿ ಇನ್ನೂ ಒದ್ದೆಯಾಗಿತ್ತು. “ಸಾರ್, ಅವು ಕೆಳಗೆ ಬೆಳೆಯುತ್ತವೆ ಅಂತ ಕೆಳವರ್ಗವಾ, ಇಲ್ಲಾ ಯಾರೋ ಹಾಗಂತ ಕರೆದರು ಅಂತ ಕೆಳವರ್ಗವಾ?” ಎಂದು ಕೇಳಿದ. ಮುಂದಿನ ಸಾಲಿನ ಇಬ್ಬರು ನಕ್ಕರು. ಉಳಿದವರು ನಗಲಿಲ್ಲ. ಅವನು ಕೇಳಿದ್ದು ಸಸ್ಯಗಳ ವಿಷಯವನ್ನು ಮಾತ್ರ ಅಲ್ಲವೆಂಬುದು ಅಲ್ಲಿದ್ದ ಎಲ್ಲರಿಗೂ ಅರ್ಥವಾಗಿತ್ತು. ನಮ್ಮ ಊರಿನಲ್ಲಿ ಯಾರ ಮನೆಯ ಜಗಲಿ ಯಾರಿಗೆ, ಯಾರ ಮನೆಯ ಅಂಗಳ ಯಾರಿಗೆ ಎಂಬುದು ಹದಿನಾಲ್ಕು ವರ್ಷದ ಮಕ್ಕಳಿಗೆ ಗೊತ್ತಿರದ ಸಂಗತಿಯೇನಲ್ಲ.

“ಯಾರೋ ಕರೆದರು ಎಂಬುದಕ್ಕೇ” ಎಂದೆ. ಕರಿಹಲಗೆಯ ಮೇಲಿದ್ದ ಆ ಎರಡು ತಲೆಬರಹಗಳನ್ನು ಒರೆಸಿ ‘ನಾಳವಿರುವ’, ‘ನಾಳವಿಲ್ಲದ’ ಎಂದು ಬರೆದು, ತರಗತಿಯನ್ನು ಶಾಲೆಯ ಹಿಂದಿನ ಪಾಗಾರದ ಬಳಿಗೆ ಕರೆದುಕೊಂಡು ಹೋದೆ. ಮುಂದೆ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಪುಸ್ತಕದ ಮಾತನ್ನು ಬಿಟ್ಟು ಸ್ವಂತ ಮಾತು ಏಕೆ ಎಂದು ಕೇಳಿದರು. ಇದು ಅಳತೆಯ ಮಾತು, ಅದು ಅಂತಸ್ತಿನ ಮಾತು, ವಿಜ್ಞಾನದ ಪಾಠಕ್ಕೆ ಅಳತೆಯದು ಸಾಕು ಎಂದೆ. ಅವರು ಏನೂ ಬರೆಯದೆ ಹೋದರು. ಆ ಹುಡುಗನಿಗೆ ಅಂದು ಪಾಗಾರದ ಬಳಿ ನಿಂತು ಹೇಳಿದ್ದನ್ನು, ಆಮೇಲೆ ಓದಿ ತಿಳಿದ ಸಂಗತಿಗಳನ್ನೂ ಸೇರಿಸಿ, ಇಲ್ಲಿ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಪಾಚಿ ಏಕೆ ಎತ್ತರ ಬೆಳೆಯುವುದಿಲ್ಲ? ನೀರಿನಲ್ಲಿ ಕರಗಿದ ವಸ್ತುವು ಯಾರ ಹಂಗೂ ಇಲ್ಲದೆ ತಾನಾಗಿ ಹರಡಿಕೊಳ್ಳುತ್ತದೆ. ಇದಕ್ಕೆ ವಿಸರಣ ಎನ್ನುತ್ತೇವೆ. ಈ ಹರಡುವಿಕೆ ಅತಿ ಸಣ್ಣ ದೂರಕ್ಕೆ ಬಹಳ ಚುರುಕು, ದೊಡ್ಡ ದೂರಕ್ಕೆ ಬಹಳ ನಿಧಾನ. ದೂರ ಹತ್ತು ಪಟ್ಟಾದರೆ ಕಾಲ ನೂರು ಪಟ್ಟಾಗುತ್ತದೆ. ಸಕ್ಕರೆಯ ಒಂದು ಅಣು ಒಂದು ಕೋಶದ ಈ ತುದಿಯಿಂದ ಆ ತುದಿಗೆ, ಅಂದರೆ ಒಂದು ಮಿಲಿಮೀಟರಿನ 20ನೆಯ ಒಂದು ಭಾಗದಷ್ಟು ದೂರ, ಹೋಗಲು ಎರಡು ಮೂರು ಸೆಕೆಂಡು ಸಾಕು. ಅದೇ ಅಣು ಅದೇ ರೀತಿಯಲ್ಲಿ ಒಂದು ಮೀಟರ್ ಹೋಗಬೇಕಾದರೆ ಲೆಕ್ಕದ ಪ್ರಕಾರ ಸುಮಾರು 30 ವರ್ಷ ಬೇಕು! ಮೀಟರು ಎತ್ತರದ ಗಿಡ ವಿಸರಣವನ್ನು ನಂಬಿಕೊಂಡರೆ ತುದಿಯ ಎಲೆ ತಯಾರಿಸಿದ ಊಟ ಬೇರಿಗೆ ತಲುಪುವುದು ಮುಂದಿನ ತಲೆಮಾರಿಗೆ. ಎತ್ತರಕ್ಕೆ ಹೋಗಬೇಕಾದವರು ಸಾಗಣೆಯ ವ್ಯವಸ್ಥೆಯನ್ನು ಕಟ್ಟಿಕೊಳ್ಳಲೇಬೇಕು.

ಪಾಚಿ ಬೇರೊಂದು ದಾರಿ ಹಿಡಿಯಿತು. ಅದರ ಎಲೆಯ ದಪ್ಪ ಸಾಮಾನ್ಯವಾಗಿ ಒಂದೇ ಕೋಶ. ನೀರು ಬೇರಿನಿಂದ ಬರಬೇಕಾಗಿಲ್ಲ. ಮಳೆಹನಿ, ಮಂಜು, ಇಬ್ಬನಿ ಎಲ್ಲಿ ಬಿದ್ದರೂ ಅಲ್ಲಿಂದಲೇ ಒಳಕ್ಕೆ. ಅಡಿಯಲ್ಲಿರುವ ಕೂದಲಿನಂಥ ಎಳೆಗಳ ಮುಖ್ಯ ಕೆಲಸ ಕಲ್ಲನ್ನೋ ತೊಗಟೆಯನ್ನೋ ಹಿಡಿದುಕೊಳ್ಳುವುದು. ಪಾಚಿಯ ಗಿಡ ಒಂಟಿಯಾಗಿ ನಿಲ್ಲುವುದು ಅಪರೂಪ. ನೂರಾರು ಗಿಡಗಳು ಒತ್ತೊತ್ತಾಗಿ ಮೆತ್ತೆಯಂತೆ ಬೆಳೆಯುತ್ತವೆ. ಆ ಸಂದುಗಳಲ್ಲಿ ನೀರು ತಾನಾಗಿ ಏರಿ ನಿಲ್ಲುತ್ತದೆ. ಮರದ ಕೊಳವೆ ಒಳಗಿದೆ, ಪಾಚಿಯ ನೀರಿನ ದಾರಿ ಹೊರಗಿದೆ. ಮಕ್ಕಳ ಕೈಗೆ ಭೂತಗನ್ನಡಿ ಕೊಟ್ಟು ಆ ಮೆತ್ತೆಯ ಮೇಲೆ ಒಂದು ಚಮಚ ನೀರು ಹಾಕಿಸಿದ್ದೆ. ಹನಿ ಕೆಳಕ್ಕೆ ಉರುಳಿ ಹೋಗದೆ ಮೆತ್ತೆಯೊಳಗೆ ಮಾಯವಾಯಿತು. “ಕುಡಿದುಬಿಟ್ಟಿತು ಸಾರ್” ಎಂದು ಒಬ್ಬಳು ಕೂಗಿದ್ದು ಇನ್ನೂ ಕಿವಿಯಲ್ಲಿದೆ.

ಈಗ ಅಡಿಕೆ ಮರವನ್ನು ನೋಡೋಣ. ಐವತ್ತು ಅರವತ್ತು ಅಡಿ ಎತ್ತರದ ಸುಳಿಗೆ ಪಂಪಿಲ್ಲದೆ ನೀರು ಏರುವುದು ಹೇಗೆ? ಆಚಾರ್ಯ ಜಗದೀಶಚಂದ್ರ ಬೋಸರು ಜೀವಕೋಶಗಳ ಮಿಡಿತವೇ ನೀರನ್ನು ಮೇಲೆ ತಳ್ಳುತ್ತದೆ ಎಂದು ನಂಬಿ ಸೂಕ್ಷ್ಮವಾದ ಉಪಕರಣಗಳಿಂದ ಪ್ರಯೋಗ ನಡೆಸಿದರು. ಆದರೆ ಕಾಲದ ಪರೀಕ್ಷೆಯಲ್ಲಿ ನಿಂತದ್ದು 1894ರಲ್ಲಿ ಡಬ್ಲಿನ್ನಿನ ಹೆನ್ರಿ ಡಿಕ್ಸನ್ ಮತ್ತು ಜಾನ್ ಜಾಲಿ ಮುಂದಿಟ್ಟ ವಿವರಣೆ. ಎಲೆಯ ಪತ್ರರಂಧ್ರಗಳಿಂದ ನೀರು ಆವಿಯಾಗುತ್ತದೆ. ಆವಿಯಾದ ನೀರಿನ ಜಾಗಕ್ಕೆ ಹಿಂದಿನ ನೀರು ಎಳೆಯಲ್ಪಡುತ್ತದೆ. ನೀರಿನ ಅಣುಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುವುದರಿಂದ ಆ ಸೆಳೆತ ಬೇರಿನ ತುದಿಯವರೆಗೂ ಇಳಿಯುತ್ತದೆ. ಬಾವಿಯಿಂದ ಕೊಡ ಸೇದುವಾಗ ಹಗ್ಗ ಬೇರೆ, ನೀರು ಬೇರೆ. ಮರದಲ್ಲಿ ನೀರೇ ಹಗ್ಗ. ಸೇದುವ ಶ್ರಮ ಬಿಸಿಲಿನದು.

ಇಲ್ಲಿಯೇ ಲಿಗ್ನಿನ್ನಿನ ಮಹತ್ವ ತಿಳಿಯುವುದು. ಎಳನೀರನ್ನು ಕಾಗದದ ಸ್ಟ್ರಾದಲ್ಲಿ ಬಲವಾಗಿ ಹೀರಿದರೆ, ಸ್ಟ್ರಾ ನೆನೆದಿದ್ದರೆ, ಅದು ಚಪ್ಪಟೆಯಾಗುತ್ತದೆ. ಅಷ್ಟು ಸೆಳೆತದಲ್ಲಿ ಕೊಳವೆ ಕುಸಿಯದಿರಬೇಕಾದರೆ ಗೋಡೆ ಗಟ್ಟಿಯಾಗಿರಬೇಕು. ನೀರಿನ ಕೊಳವೆಯನ್ನು ಗಟ್ಟಿಮಾಡಿದ ಆ ವಸ್ತುವೇ ಮರಕ್ಕೆ ನೆಟ್ಟಗೆ ನಿಲ್ಲುವ ಬೆನ್ನೆಲುಬನ್ನೂ ಕೊಟ್ಟಿತು. ಕ್ಯಾಲಿಫೋರ್ನಿಯಾದ ಹೈಪೀರಿಯನ್ ಎಂಬ ರೆಡ್‌ವುಡ್ ಮರವನ್ನು 2006ರಲ್ಲಿ ಪತ್ತೆ ಹಚ್ಚಿ ಅಳೆದಾಗ ಸುಮಾರು 116 ಮೀಟರ್ ಇತ್ತು. ನೀರಿನ ಸೆಳೆತದ ಲೆಕ್ಕ ಹಾಕಿ, ಭೂಮಿಯ ಮೇಲೆ ಮರವೊಂದು ಹೆಚ್ಚೆಂದರೆ 122ರಿಂದ 130 ಮೀಟರ್ ಬೆಳೆಯಬಹುದು ಎಂದು 2004ರಲ್ಲಿ ವಿಜ್ಞಾನಿಗಳು ಅಂದಾಜು ಮಾಡಿದ್ದರು. ಮರದ ಎತ್ತರಕ್ಕೆ ಮಿತಿ ಹಾಕುವುದೂ ನೀರಿನ ಹಗ್ಗವೇ.

ಹಗ್ಗ ಎಂದ ಮೇಲೆ ಕಡಿಯುವ ಭಯವೂ ಇದ್ದೇ ಇದೆ. ಬೇರು ಹೀರಿದ ನೀರಿನಲ್ಲಿ ನೂರಕ್ಕೆ 97 ಪಾಲಿಗೂ ಹೆಚ್ಚು ಎಲೆಯಿಂದ ಆವಿಯಾಗಿಯೇ ಹೋಗುತ್ತದೆ. ನೆಲ ಒಣಗಿದಂತೆ ಸೆಳೆತ ಹೆಚ್ಚುತ್ತದೆ. ಒಂದು ಹಂತದಲ್ಲಿ ಕೊಳವೆಯೊಳಗೆ ಗಾಳಿಯ ಗುಳ್ಳೆ ನುಗ್ಗಿ ನೀರಿನ ಕಂಬ ತುಂಡಾಗುತ್ತದೆ. ಅದಕ್ಕೆ ಸದ್ದೂ ಉಂಟು. 1966ರಲ್ಲಿ ಮಿಲ್ಬರ್ನ್ ಮತ್ತು ಜಾನ್ಸನ್ ಎಂಬ ವಿಜ್ಞಾನಿಗಳು ಹರಳು ಗಿಡದ ಬಾಡುತ್ತಿರುವ ಎಲೆಗೆ ಸೂಕ್ಷ್ಮವಾದ ಸಾಧನ ಜೋಡಿಸಿ ಆ ‘ಟಿಕ್ ಟಿಕ್’ ಸದ್ದನ್ನು ಹಿಡಿದರು. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನ ಜಗತ್ತಿನ 81 ಸ್ಥಳಗಳ 226 ಮರಪ್ರಭೇದಗಳನ್ನು ಪರಿಶೀಲಿಸಿ, ಅವುಗಳಲ್ಲಿ ನೂರಕ್ಕೆ 70ರಷ್ಟು ಮರಗಳು ಈ ಅಪಾಯದ ಅಂಚಿಗೆ ತೀರ ಸಮೀಪದಲ್ಲಿಯೇ ಬದುಕುತ್ತಿವೆ ಎಂದು ತೋರಿಸಿತು. ಮಳೆ ಹೆಚ್ಚಿರುವ ಕಾಡಿನ ಮರಕ್ಕೂ ಒಣನಾಡಿನ ಮರಕ್ಕೂ ಈ ವಿಷಯದಲ್ಲಿ ದೊಡ್ಡ ಅಂತರವಿಲ್ಲ ಎಂಬುದು ಅದರ ಇನ್ನೊಂದು ಮಾತು.

2023ರ ಮುಂಗಾರು ಕೈಕೊಟ್ಟು ನಮ್ಮ ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದುದು ನಿಮಗೆ ನೆನಪಿರಬಹುದು. ಮರುವರ್ಷದ ಏಪ್ರಿಲ್ ತಿಂಗಳಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರ ತೋಟಕ್ಕೆ ಹೋಗಿದ್ದೆ. ಬಾವಿ ತಳ ಕಂಡಿತ್ತು, ಕೊಳವೆಬಾವಿ ಗಾಳಿ ಉಗುಳುತ್ತಿತ್ತು. ಮೇಲಿನ ದರೆಯ ಕಡೆಯ ಅಡಿಕೆ ಮರಗಳ ಹೆಡೆಗಳು ಜೋತುಬಿದ್ದಿದ್ದವು. ಅಡಿಕೆ ಮರಕ್ಕೆ ಒಂದೇ ಸುಳಿ. ಮಾವು ಹಲಸುಗಳಂತೆ ಕಾಂಡ ದಪ್ಪವಾಗುತ್ತ ವರ್ಷ ವರ್ಷವೂ ಹೊಸ ನಾಳಗಳನ್ನು ಕಟ್ಟಿಕೊಳ್ಳುವ ಸೌಲಭ್ಯವೂ ಅದಕ್ಕಿಲ್ಲ. ಕಾಂಡದಲ್ಲಿ ಮೊದಲು ಮೂಡಿದ ನಾಳಗಳೇ ಕಡೆಯವರೆಗೂ ದುಡಿಯಬೇಕು. ಅವರು ಒಂದೊಂದೇ ಮರವನ್ನು ಕೈಯಿಂದ ಮುಟ್ಟುತ್ತ, ಇದು ನಮ್ಮ ತಂದೆಯವರು ನೆಟ್ಟದ್ದು, ಇದು ತಂಗಿಯ ಮದುವೆಯ ವರ್ಷದ್ದು ಎನ್ನುತ್ತಿದ್ದರು. ಸಮಾಧಾನ ಹೇಳಲು ನನ್ನ ಬಳಿ ಮಾತಿರಲಿಲ್ಲ. ಅದೇ ದರೆಯ ಕಲ್ಲುಗಳ ಮೇಲೆ ಪಾಚಿ ಸುಟ್ಟ ತೆಂಗಿನ ನಾರಿನಂತೆ ಕಪ್ಪಾಗಿ ಅಂಟಿಕೊಂಡಿತ್ತು. ಉಗುರಿನಿಂದ ತಿಕ್ಕಿದರೆ ಪುಡಿ. ಮೇ ತಿಂಗಳಲ್ಲಿ ಮಳೆ ಬಂದ ದಿನ ಅವರು ದೂರವಾಣಿ ಮಾಡಿದರು. ಅರ್ಧ ಗಂಟೆಯೊಳಗೆ ದರೆ ಹಸಿರಾಯಿತಂತೆ. ಸುಳಿ ಒಣಗಿದ ನಲವತ್ತು ಚಿಲ್ಲರೆ ಮರಗಳು ಮಾತ್ರ ಏಳಲಿಲ್ಲ.

ಪಾಚಿಯ ಆ ಏಳುವಿಕೆಯಲ್ಲಿ ಪವಾಡವಿಲ್ಲ, ಬೇರೆಯೇ ಒಂದು ಬಾಳುವೆಯ ಕ್ರಮವಿದೆ. ಮರವು ಹೊರಗೆ ಎಷ್ಟೇ ಒಣಗಿದ್ದರೂ ತನ್ನೊಳಗಿನ ನೀರನ್ನು ಒಂದೇ ಮಟ್ಟದಲ್ಲಿ ಕಾಯ್ದುಕೊಳ್ಳಬೇಕು. ಎಲೆಗೆ ಮೇಣದ ಹೊದಿಕೆ, ಬೇಕಾದಾಗ ಮುಚ್ಚಿ ತೆರೆಯುವ ಪತ್ರರಂಧ್ರ, ಆಳದ ಬೇರು, ಇವೆಲ್ಲ ಆ ಕಾವಲಿಗೆ. ಪಾಚಿ ಕಾವಲು ಕಾಯುವುದಿಲ್ಲ. ಹೊರಗೆ ಒದ್ದೆಯಾದರೆ ತಾನೂ ಒದ್ದೆ, ಹೊರಗೆ ಒಣಗಿದರೆ ತಾನೂ ಒಣಗುತ್ತದೆ. ಒಣಗುವ ಮುನ್ನ ಸಕ್ಕರೆಗಳಿಂದಲೂ ಕೆಲವು ಪ್ರೋಟೀನುಗಳಿಂದಲೂ ಕೋಶದ ಒಳಾಂಗಣವನ್ನು ಭದ್ರಪಡಿಸಿ, ಉಸಿರಾಟವನ್ನೂ ಬೆಳವಣಿಗೆಯನ್ನೂ ನಿಲ್ಲಿಸಿ ಮಲಗುತ್ತದೆ. ನೀರು ತಾಗಿದ ಕೆಲವೇ ನಿಮಿಷಗಳಲ್ಲಿ ಕೆಲಸ ಆರಂಭ. ಎಲ್ಲ ಪಾಚಿಗಳಿಗೂ ಈ ಶಕ್ತಿ ಸಮನಾಗಿಲ್ಲ. ತೊರೆಯಂಚಿನ ಕೆಲವು ಬಗೆಗಳು ಒಣಗಿದರೆ ಸತ್ತೇಹೋಗುತ್ತವೆ. ಚಳಿಯ ವಿಷಯದಲ್ಲೂ ಪಾಚಿಯ ತಾಳ್ಮೆ ದೊಡ್ಡದು. ಅಂಟಾರ್ಕ್ಟಿಕಾದ ಸಿಗ್ನಿ ದ್ವೀಪದ ಹೆಪ್ಪುಗಟ್ಟಿದ ನೆಲದಲ್ಲಿ 1,500 ವರ್ಷಗಳಿಗೂ ಹೆಚ್ಚು ಕಾಲ ಹುದುಗಿದ್ದ ಪಾಚಿಯನ್ನು ಬ್ರಿಟಿಷ್ ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಬೆಳಕು, ತೇವ ಕೊಟ್ಟು ಮತ್ತೆ ಚಿಗುರಿಸಿದ್ದು 2014ರಲ್ಲಿ ವರದಿಯಾಯಿತು. ಇದಕ್ಕೆ ಪಾಚಿ ತೆರುವ ಬೆಲೆಯೂ ಸಣ್ಣದಲ್ಲ. ಒಣಗಿರುವಷ್ಟು ಕಾಲ ದುಡಿಮೆಯಿಲ್ಲ, ದುಡಿಮೆಯಿಲ್ಲದೆ ಬೆಳವಣಿಗೆಯಿಲ್ಲ. ಗಂಡು ಲಿಂಗಾಣುಗಳು ನೀರಿನ ಪೊರೆಯಲ್ಲಿ ಈಜಿಯೇ ಹೆಣ್ಣಿನ ಬಳಿಗೆ ಹೋಗಬೇಕಾದುದರಿಂದ ನೀರಿನಿಂದ ದೂರ ಹೋಗುವಂತೆಯೂ ಇಲ್ಲ.

ಇಲ್ಲಿ ಮಕ್ಕಳಿಗೆ ಸಾಮಾನ್ಯವಾಗಿ ಒಂದು ಗಂಟು ಬೀಳುತ್ತದೆ. ನಾಳವಿದ್ದ ಮಾತ್ರಕ್ಕೆ ಬೀಜವಿರಬೇಕಾಗಿಲ್ಲ. ಜರೀಗಿಡಕ್ಕೆ ಒಳ್ಳೆಯ ಕ್ಸೈಲಂ, ಫ್ಲೋಯಂ ಇವೆ, ಬೀಜವಿಲ್ಲ. ಅದರ ಲಿಂಗಾಣುವೂ ಪಾಚಿಯದರಂತೆ ಈಜಲೇಬೇಕು. ಮತ್ತೊಂದು ವ್ಯತ್ಯಾಸ ಸಂಸಾರದ ಯಜಮಾನಿಕೆಯದು. ಪಾಚಿಯಲ್ಲಿ ನಾವು ನೋಡುವ ಹಸಿರು ಗಿಡ ಲಿಂಗಾಣುಗಳನ್ನು ಹೆರುವ ಪೀಳಿಗೆ. ಬೀಜಾಣು ಕೊಡುವ ಪೀಳಿಗೆ ಅದರ ತಲೆಯ ಮೇಲೆ ಸಣ್ಣ ಕಡ್ಡಿಯಂತೆ ನಿಂತು ಅದನ್ನೇ ಆಶ್ರಯಿಸಿರುತ್ತದೆ. ಜರೀಗಿಡದಲ್ಲೂ ಮರಗಳಲ್ಲೂ ಇದು ತಿರುಗುಮುರುಗು: ಬೀಜಾಣು ಕೊಡುವ ಪೀಳಿಗೆಯೇ ದೊಡ್ಡ ಗಿಡ. ಜರೀಗಿಡದ ಲಿಂಗಾಣು ಪೀಳಿಗೆ ಉಗುರಿಗಿಂತ ಚಿಕ್ಕದಾದ, ಹೃದಯದಾಕಾರದ ಒಂದು ಹಸಿರು ಬಿಲ್ಲೆ.

ಮೆಟ್ಟಿಲಿನ ಮಾತಿಗೆ ಬರುತ್ತೇನೆ. ‘ಕೆಳವರ್ಗ’, ‘ಮೇಲ್ವರ್ಗ’ ಎನ್ನುವವರ ಮನಸ್ಸಿನಲ್ಲಿ ಒಂದು ಏಣಿಯಿತ್ತು: ಶೈವಲ ಏರಿ ಪಾಚಿಯಾಯಿತು, ಪಾಚಿ ಏರಿ ಜರೀಗಿಡವಾಯಿತು, ಅದು ಏರಿ ಮರವಾಯಿತು. ಕಳೆದ ಒಂದು ದಶಕದ ವಂಶವಾಹಿ ಅಧ್ಯಯನಗಳಲ್ಲಿ ಹೆಚ್ಚಿನವು ಬೇರೆ ಚಿತ್ರ ಕೊಡುತ್ತವೆ. ಪಾಚಿ, ಲಿವರ್‌ವರ್ಟ್, ಹಾರ್ನ್‌ವರ್ಟ್‌ಗಳು ಒಂದೇ ಮನೆತನ. ನಾಳೀಯ ಸಸ್ಯಗಳು ಅದರ ಪಕ್ಕದ ಮನೆತನ. ಎರಡಕ್ಕೂ ಮೂಲಪುರುಷ ಒಬ್ಬನೇ. ಹಾಗಾದರೆ ಪಾಚಿ ಮರದ ಅಜ್ಜಿಯಲ್ಲ, ದಾಯಾದಿ. ಎರಡೂ ಮನೆತನಗಳು ಅಷ್ಟೇ ಕಾಲದಿಂದ ಬಾಳಿ ಬಂದಿವೆ. 2014ರಲ್ಲಿ ಜಪಾನಿನ ಸಂಶೋಧಕರು ಹೂಗಿಡಗಳ ಕ್ಸೈಲಂ ರಚನೆಯನ್ನು ಆಳುವ ವಂಶವಾಹಿಗಳ ಜೊತೆಗಾರರು ಪಾಚಿಯಲ್ಲಿಯೂ ಇದ್ದು, ಅಲ್ಲಿಯೂ ನೀರು ಒಯ್ಯುವ ಕೋಶಗಳನ್ನೇ ರೂಪಿಸುತ್ತವೆ ಎಂದು ತೋರಿಸಿದರು. ಹೌದು, ಕೆಲವು ಪಾಚಿಗಳಲ್ಲಿ ನೀರು ಒಯ್ಯುವ ಕೋಶಗಳುಂಟು! ಅವುಗಳಿಗೆ ಹೈಡ್ರಾಯ್ಡ್ ಎಂದು ಹೆಸರು. ಅವೂ ಸತ್ತು ಬರಿದಾಗಿ ಕೆಲಸಕ್ಕೆ ಬರುತ್ತವೆ; ಲಿಗ್ನಿನ್ನಿನ ಬಲ ಮಾತ್ರ ಅವುಗಳಿಗಿಲ್ಲ. ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳ ಡಾಸೋನಿಯಾ ಎಂಬ ಪಾಚಿ ಅವುಗಳ ನೆರವಿನಿಂದ ಅರ್ಧ ಮೀಟರಿನವರೆಗೆ ಬೆಳೆಯುತ್ತದೆ.

ಗೆರೆಯ ಈ ಬದಿಯಲ್ಲಿಯೂ ಎಲ್ಲವೂ ಒಂದೇ ಅಚ್ಚಿನವಲ್ಲ. ‘ಹಸುರು ಹೊನ್ನು’ ಓದಿ ನಕ್ಕವರಿಗೆಲ್ಲ ಬಿ.ಜಿ.ಎಲ್. ಸ್ವಾಮಿಯವರು ಗೊತ್ತು. ಅವರು ಹಾರ್ವರ್ಡಿನ ಇರ್ವಿಂಗ್ ಬೈಲಿಯವರೊಂದಿಗೆ ಸೇರಿ 1950ರಲ್ಲಿ ಸಾರ್ಕಾಂಡ್ರ ಎಂಬ ಹೂಗಿಡದ ಕಾಷ್ಠವನ್ನು ಕುರಿತು ಬರೆದ ಪ್ರಬಂಧ ಸಸ್ಯಶಾಸ್ತ್ರಜ್ಞರಲ್ಲಿ ಪ್ರಸಿದ್ಧವಾದದ್ದು. ಹೂಗಿಡಗಳ ಕ್ಸೈಲಂನಲ್ಲಿ ಸಾಮಾನ್ಯವಾಗಿ ಕೋಶಗಳು ತುದಿಗೋಡೆ ಕಳಚಿಕೊಂಡು, ಒಂದರ ಮೇಲೊಂದು ಕೂತು ಉದ್ದನೆಯ ಕೊಳವೆಯಾಗುತ್ತವೆ. ಸಾರ್ಕಾಂಡ್ರದಲ್ಲಿ ಅವರಿಗೆ ಅಂಥ ಕೊಳವೆ ಕಾಣಲಿಲ್ಲ. ಪೈನ್ ಮರಗಳಲ್ಲಿರುವಂತೆ ತುದಿ ಮುಚ್ಚಿದ, ಪಕ್ಕದ ಸಣ್ಣ ಕಂಡಿಗಳ ಮೂಲಕ ನೀರು ದಾಟಿಸುವ ಕೋಶಗಳು ಮಾತ್ರ ಕಂಡವು. ಅದೇ ಗಿಡದ ಬೇರಿನ ಕಾಷ್ಠದಲ್ಲಿ ಉದ್ದನೆಯ ಕೊಳವೆಗಳಿರುವುದನ್ನು 1987ರಲ್ಲಿ ಶೆರ್ವಿನ್ ಕಾರ್ಲ್‌ಕ್ವಿಸ್ಟ್ ಎಂಬ ವಿಜ್ಞಾನಿ ತೋರಿಸಿದರು. ಒಂದೇ ಗಿಡದೊಳಗೆ ನೀರು ಎರಡು ವಿಧದ ದಾರಿಗಳಲ್ಲಿ ನಡೆಯುತ್ತದೆ ಎಂದಾಯಿತು.

ಒಣಗಿ ಏಳುವ ವಿದ್ಯೆಯೂ ಪಾಚಿಯ ಸ್ವತ್ತು ಮಾತ್ರವಲ್ಲ. ಜಾತ್ರೆಗಳಲ್ಲಿ, ಯಾತ್ರಾಸ್ಥಳಗಳಲ್ಲಿ ಒಣಗಿ ಉಂಡೆಯಾದ ಗಿಡವೊಂದನ್ನು ನೀರಿನ ತಟ್ಟೆಯಲ್ಲಿಟ್ಟು ಅರಳಿಸಿ ‘ಸಂಜೀವಿನಿ’ ಎಂದು ಮಾರುವವರನ್ನು ನೀವು ಕಂಡಿರಬಹುದು. ಅದು ಸೆಲಾಜಿನೆಲ್ಲಾ, ನಾಳವಿರುವ ಗಿಡವೇ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿದ್ದ, ಕನ್ನಡದ ಕಾದಂಬರಿಕಾರರೂ ಆದ ಕೆ.ಎನ್. ಗಣೇಶಯ್ಯನವರು ಆರ್. ವಾಸುದೇವ, ಆರ್. ಉಮಾಶಂಕರ್ ಅವರೊಂದಿಗೆ 2009ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ರಾಮಾಯಣದ ಸಂಜೀವಿನಿ ಯಾವ ಗಿಡವಿರಬಹುದೆಂದು ಚರ್ಚಿಸಿದಾಗ, ಮುಂಚೂಣಿಗೆ ಬಂದ ಕೆಲವೇ ಗಿಡಗಳಲ್ಲಿ ಇದೂ ಒಂದಾಗಿತ್ತು. ಆದ್ದರಿಂದ ಉತ್ತರಪತ್ರಿಕೆಯ ನಡುವಿನ ಗೆರೆಯನ್ನು ಎಳೆಯಿರಿ. ಅದು ಉಪಯುಕ್ತವಾದ ಗೆರೆ. ಅದು ಎಡ ಬಲಗಳನ್ನು ತೋರಿಸುವ ನಿಲುವು ಗೆರೆಯಾಗಿಯೇ ಇರಲಿ. ಅದನ್ನು ಅಡ್ಡ ಮಲಗಿಸಿ ಮೇಲೆ ಯಾರು, ಕೆಳಗೆ ಯಾರು ಎಂದು ಕೇಳುವುದು ಸಸ್ಯಗಳು ಮಾಡಿದ ಕೆಲಸವಲ್ಲ.

ಈ ಎರಡು ಮನೆತನಗಳು ಒಂದೇ ಕೊಂಬೆಯ ಮೇಲೆ ಸೇರಿ ದುಡಿಯುವುದನ್ನು ನೋಡಬೇಕಾದರೆ ಗೂಟಿ ಕಟ್ಟುವವರ ಕೈಯನ್ನು ನೋಡಬೇಕು. ದಾಳಿಂಬೆಯದೋ ಸೀಬೆಯದೋ ಪೆನ್ಸಿಲ್ ದಪ್ಪದ ಒಂದು ಕೊಂಬೆಯನ್ನು ಆರಿಸಿ, ಒಂದಂಗುಲದಷ್ಟು ಅಗಲಕ್ಕೆ ಸುತ್ತಲೂ ತೊಗಟೆಯನ್ನು ಉಂಗುರದಂತೆ ಬಿಡಿಸುತ್ತಾರೆ. ಫ್ಲೋಯಂ ಇರುವುದು ತೊಗಟೆಯ ಜೊತೆಗೆ. ಅದು ಹೋಯಿತು, ಎಲೆಯಿಂದ ಇಳಿದು ಬರುವ ಆಹಾರ ಗಾಯದ ಮೇಲಂಚಿನಲ್ಲಿ ತಡೆದು ನಿಂತಿತು. ಕ್ಸೈಲಂ ಇರುವುದು ಒಳಗಿನ ಕಟ್ಟಿಗೆಯಲ್ಲಿ. ಅದು ಉಳಿದಿದೆ, ಆದ್ದರಿಂದ ನೀರು ಏರುತ್ತಲೇ ಇದೆ, ಎಲೆ ಬಾಡುವುದಿಲ್ಲ. ಆ ಗಾಯದ ಸುತ್ತ ಒದ್ದೆ ಮಾಡಿದ ಪಾಚಿಯನ್ನು ಹೊದಿಸಿ ಪ್ಲಾಸ್ಟಿಕ್ ಹಾಳೆಯಿಂದ ಎರಡೂ ತುದಿಗಳನ್ನು ಬಿಗಿಯುತ್ತಾರೆ. ನರ್ಸರಿಗಳವರು ಬಳಸುವ ಸ್ಫ್ಯಾಗ್ನಮ್ ಎಂಬ ಪಾಚಿ ತನ್ನ ಒಣತೂಕದ ಇಪ್ಪತ್ತು ಪಟ್ಟಿನವರೆಗೂ ನೀರು ಹಿಡಿಯಬಲ್ಲದು. ಅದರ ಎಲೆಯಲ್ಲಿ ಹಸಿರು ಕೋಶಗಳ ನಡುನಡುವೆ ದೊಡ್ಡ ದೊಡ್ಡ ಸತ್ತ ಕೋಶಗಳಿವೆ, ಗೋಡೆಯಲ್ಲಿ ತೂತುಗಳಿರುವ ಬರಿದಾದ ಹೂಜಿಗಳಂತೆ. ಮರದಲ್ಲಿ ಕೋಶ ಸತ್ತು ನೀರನ್ನು ಒಯ್ಯುತ್ತದೆ, ಇಲ್ಲಿ ಕೋಶ ಸತ್ತು ನೀರನ್ನು ಇಟ್ಟುಕೊಳ್ಳುತ್ತದೆ. ಒಂದೆರಡು ತಿಂಗಳಲ್ಲಿ ಗಾಯದ ಮೇಲಂಚಿನಿಂದ ಬಿಳಿಯ ಬೇರುಗಳು ಹೊರಟು ಪಾಚಿಯೊಳಗೆ ಇಳಿಯುತ್ತವೆ.

ಮುಂಗಾರು ಕೂತ ಮೇಲೆ ನಿಮ್ಮ ಹಿತ್ತಲಿನಲ್ಲಿ ಒಂದು ಗೂಟಿ ಕಟ್ಟಿ ನೋಡಿ. ಪಾಚಿಗಾಗಿ ಕಾಡಿನ ಮರಗಳನ್ನು ಬೋಳಿಸಬೇಡಿ; ನೆನೆಸಿ ಹಿಂಡಿದ ತೆಂಗಿನ ನಾರಿನ ಪುಡಿಯೂ ಕೆಲಸ ಮಾಡುತ್ತದೆ. ತೊಗಟೆ ಬಿಡಿಸುವಾಗ ಚಾಕುವಿನ ಮೇಲೆ ನಿಮ್ಮ ಕೈ ಇರಲಿ, ಉಳಿದದ್ದನ್ನೆಲ್ಲ ಮಕ್ಕಳೇ ಮಾಡಲಿ. ಪ್ಲಾಸ್ಟಿಕ್ಕಿನ ಆಚೆಯಿಂದ ಮೊದಲ ಬಿಳಿಯ ಬೇರು ಕಂಡ ದಿನ, ಊಟ ಎಲ್ಲಿ ತಡೆಯಿತು, ನೀರು ಎಲ್ಲಿಂದ ಬಂತು ಎಂದು ಅವರನ್ನೇ ಕೇಳಿ. ಅವರು ಹೇಳುವ ಉತ್ತರವನ್ನು ನನಗೂ ಬರೆದು ತಿಳಿಸಿ.